ದವಾಖಾನೆ ಉಚಿತ, ದಾರಿ ದುಬಾರಿ

ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಆರಂಭವಾದಾಗ ಇಡೀ ಕರ್ನಾಟಕಕ್ಕೆ ಒಮ್ಮೆಲೇ ಸಿಗಲಿಲ್ಲ. ಮೊದಲು ಕಲಬುರಗಿ ವಿಭಾಗ, ಆಮೇಲೆ ಬೆಳಗಾವಿ ವಿಭಾಗ. ದಕ್ಷಿಣದ ಜಿಲ್ಲೆಗಳ ಸರದಿ ಬಂದದ್ದು ತಡವಾಗಿ. ಹಾಗಾಗಿ ಕೆಲ ಕಾಲ ರಾಜ್ಯದ ನಡುಮಧ್ಯೆ ಒಂದು ಗೆರೆ ಬಿದ್ದಿತ್ತು. ಗೆರೆಯ ಉತ್ತರಕ್ಕಿದ್ದ ಬಿಪಿಎಲ್ ಕುಟುಂಬದಲ್ಲಿ ಯಾರಿಗಾದರೂ ಹೃದಯದ ಶಸ್ತ್ರಚಿಕಿತ್ಸೆ ಬೇಕಾದರೆ, ಕ್ಯಾನ್ಸರ್ ಪತ್ತೆಯಾದರೆ, ದೊಡ್ಡ ಆಸ್ಪತ್ರೆಯ ಬಿಲ್ಲನ್ನು ಸರ್ಕಾರ ಕಟ್ಟುತ್ತಿತ್ತು. ದಕ್ಷಿಣಕ್ಕಿದ್ದ ಕುಟುಂಬಕ್ಕೆ ಅದೇ ಕಾಯಿಲೆ ಬಂದರೆ ಹೊಲ ಮಾರಬೇಕಿತ್ತು, ಇಲ್ಲವೇ ದೇವರ ಮೇಲೆ ಭಾರ ಹಾಕಬೇಕಿತ್ತು. ಗೆರೆಯ ಅಕ್ಕಪಕ್ಕದ ಹಳ್ಳಿಗಳ ಬದುಕಿನಲ್ಲಿ ಇದನ್ನು ಬಿಟ್ಟರೆ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ.

ಸಂಶೋಧಕ ನೀರಜ್ ಸೂದ್ ಮತ್ತು ಅವರ ಸಂಗಡಿಗರು ಇದನ್ನು ಗಮನಿಸಿದರು. ಯೋಜನೆ ಜಾರಿಯಲ್ಲಿದ್ದ 300 ಹಳ್ಳಿ, ಇನ್ನೂ ಜಾರಿಯಾಗದಿದ್ದ 272 ಹಳ್ಳಿಗಳನ್ನು ಆಯ್ದುಕೊಂಡು 60 ಸಾವಿರಕ್ಕೂ ಹೆಚ್ಚು ಮನೆಗಳ ಸಮೀಕ್ಷೆ ನಡೆಸಿದರು. ಫಲಿತಾಂಶ 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಸಂಭವಿಸಿದ ಸಾವಿನ ಪ್ರಮಾಣ ಗೆರೆಯ ದಕ್ಷಿಣದ ಬಡ ಕುಟುಂಬಗಳಲ್ಲಿ ಶೇ 0.90 ಇದ್ದರೆ, ಉತ್ತರದ ಬಡ ಕುಟುಂಬಗಳಲ್ಲಿ ಶೇ 0.32. ಅಂದರೆ ಶೇ 64ರಷ್ಟು ಕಡಿಮೆ. ಬಡತನ ರೇಖೆಗಿಂತ ಮೇಲಿದ್ದ, ಯೋಜನೆಗೆ ಅರ್ಹರಲ್ಲದ ಕುಟುಂಬಗಳಲ್ಲಿ ಗೆರೆಯ ಆಚೆಗೂ ಈಚೆಗೂ ಅಂಥ ವ್ಯತ್ಯಾಸ ಕಾಣಲಿಲ್ಲ.

ಈ ಅಂಕಿಗಳನ್ನು ಒಂದು ಗಳಿಗೆ ನಿಂತು ನೋಡಬೇಕು. ಕಾಯಿಲೆ ಎರಡೂ ಕಡೆ ಇತ್ತು. ಚಿಕಿತ್ಸೆಯ ವಿಧಾನ ವೈದ್ಯರಿಗೆ ಗೊತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಗಳೂ ಇದೇ ರಾಜ್ಯದಲ್ಲಿದ್ದವು. ಆದರೂ ಗೆರೆಯ ಈಚೆ ಬದುಕುತ್ತಿದ್ದವರು ಆಚೆ ಸಾಯುತ್ತಿದ್ದರು. ‘ಹಣೆಬರಹ’ ಎಂದು ನಾವು ಸಮಾಧಾನ ಮಾಡಿಕೊಳ್ಳುವ ಸಾವುಗಳಲ್ಲಿ ಎಷ್ಟೋ ಸಾವುಗಳ ಕಾರಣ ಕೈಯಲ್ಲಿ ದುಡ್ಡಿಲ್ಲದಿರುವುದು ಮತ್ತು ಆಸ್ಪತ್ರೆ ದೂರವಿರುವುದು. ಎರಡೂ ಮನುಷ್ಯರು ಮಾಡಿದ ವ್ಯವಸ್ಥೆಯ ಫಲ. ಮನುಷ್ಯರೇ ಸರಿಪಡಿಸಬಹುದಾದ ಸಂಗತಿ.

ಆರೋಗ್ಯಶ್ರೀ ಫಲ ಕೊಟ್ಟ ಬಗೆಯಲ್ಲೂ ಒಂದು ಪಾಠವಿದೆ. ಅದು ಕಾರ್ಡು ಹಂಚಿ ಸುಮ್ಮನಾದ ಯೋಜನೆಯಲ್ಲ. ಹಳ್ಳಿಗಾಡಿನಲ್ಲಿ ತಪಾಸಣಾ ಶಿಬಿರ ನಡೆಸಿ, ಕಾಯಿಲೆಯವರನ್ನು ಹುಡುಕಿ, ನಗರದ ಆಸ್ಪತ್ರೆಗೆ ಕಳಿಸುವ ಏರ್ಪಾಡು ಅದರೊಳಗೇ ಇತ್ತು. ರೋಗಿ ಬರಲಿ ಎಂದು ಆಸ್ಪತ್ರೆ ಕಾಯುತ್ತ ಕೂರಲಿಲ್ಲ. ಆರೋಗ್ಯ ಸೇವೆಯಲ್ಲಿ ನ್ಯಾಯ ಎಂದರೆ ಏನು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಚಿಕಿತ್ಸೆಯನ್ನು ಉಚಿತ ಎಂದು ಘೋಷಿಸುವುದು ಅರ್ಧ ಕೆಲಸ ಮಾತ್ರ. ಅತಿ ದೂರದ, ಅತಿ ಬಡ, ಅತಿ ಕಡಿಮೆ ದನಿಯ ಮನುಷ್ಯನಿಗೆ ಅದು ಸಕಾಲಕ್ಕೆ ತಲುಪಿದಾಗ ಉಳಿದರ್ಧ ಪೂರ್ಣವಾಗುತ್ತದೆ.

ಕಾಯಿಲೆ ಒಂದು ಕಡೆ, ವೈದ್ಯರು ಇನ್ನೊಂದು ಕಡೆ

ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ದಶಕಗಳ ಕಾಲ ಕೆಲಸ ಮಾಡಿದವರು. ಗಣಿ ಕಾರ್ಮಿಕರ ರಕ್ತದೊತ್ತಡ, ಶ್ವಾಸಕೋಶದ ಕಾಯಿಲೆಗಳ ನಡುವೆಯೇ ಬದುಕಿದ ಅವರು 1971ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಎಲ್ಲಿ ಕಾಯಿಲೆ ಹೆಚ್ಚೋ ಅಲ್ಲಿ ಒಳ್ಳೆಯ ವೈದ್ಯಕೀಯ ಸೇವೆ ಕಡಿಮೆ, ಎಲ್ಲಿ ಕಾಯಿಲೆ ಕಡಿಮೆಯೋ ಅಲ್ಲಿ ಸೇವೆ ಹೆಚ್ಚು, ಸೇವೆಯನ್ನು ಮಾರುಕಟ್ಟೆಯ ಕೈಗೆ ಬಿಟ್ಟಷ್ಟೂ ಈ ಅಂತರ ಹಿಗ್ಗುತ್ತದೆ ಎಂಬುದು ಅದರ ಸಾರ. ವೈದ್ಯಲೋಕ ಅದನ್ನು ‘ವಿಲೋಮ ಆರೈಕೆ ನಿಯಮ’ ಎಂದೇ ಗುರುತಿಸುತ್ತದೆ. ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆ ಇದ್ದ ದೇಶದ ಅನುಭವ ಅದು. ಅಂಥ ವ್ಯವಸ್ಥೆಯೇ ಇಲ್ಲದ ಕಡೆ ಏನಾಗಬಹುದೆಂದು ತಿಳಿಯಲು ನಮ್ಮ ರಾಜ್ಯದ ನಕ್ಷೆಯನ್ನು ಮುಂದಿಟ್ಟುಕೊಂಡರೆ ಸಾಕು.

ಪ್ರಾದೇಶಿಕ ಅಸಮಾನತೆಯ ಅಧ್ಯಯನಕ್ಕೆ ನೇಮಕಗೊಂಡಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಅದು ಗುರುತಿಸಿತು. ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಹೆಚ್ಚಿನವು ಹೈದರಾಬಾದ್ ಕರ್ನಾಟಕ ಎಂದು ಕರೆಯುತ್ತಿದ್ದ ಇಂದಿನ ಕಲ್ಯಾಣ ಕರ್ನಾಟಕದವು. ಮುಂದೆ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು, ಈ ಭಾಗಕ್ಕೆ ಪ್ರತ್ಯೇಕ ಮಂಡಳಿ, ಅನುದಾನ, ಮೀಸಲಾತಿ ಬಂತು. ಆದರೂ ಇಂದಿಗೂ ಯಾದಗಿರಿ, ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಕಾಯಿಲೆ ಕೈಮೀರಿದರೆ ಜನರ ಬಾಯಲ್ಲಿ ಬರುವ ಊರು ಕಲಬುರಗಿ, ಸೊಲ್ಲಾಪುರ, ಹೈದರಾಬಾದ್, ಹುಬ್ಬಳ್ಳಿ ಅಥವಾ ಬೆಂಗಳೂರು. ಕಲಬುರಗಿಯಿಂದ ಬೆಂಗಳೂರಿಗೆ ಸುಮಾರು 600 ಕಿಲೋಮೀಟರ್. ರಾತ್ರಿಯಿಡೀ ರೈಲು ಅಥವಾ ಬಸ್ಸಿನ ಪ್ರಯಾಣ.

ವೈದ್ಯರು ಹಳ್ಳಿಗೆ ಬರಲು ಒಪ್ಪುವುದಿಲ್ಲ ಎಂದು ದೂರುವುದು ಸುಲಭ. ಮಕ್ಕಳಿಗೆ ಶಾಲೆ, ವಾಸಕ್ಕೆ ವಸತಿಗೃಹ, ಜೊತೆಗೆ ಕೆಲಸ ಮಾಡಲು ಅರಿವಳಿಕೆ ತಜ್ಞರು, ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಇದ್ಯಾವುದೂ ಇಲ್ಲದ ಕಡೆ ಒಬ್ಬ ಶಸ್ತ್ರಚಿಕಿತ್ಸಕರನ್ನು ನೇಮಿಸಿದರೆ ಅವರು ಮಾಡಬಹುದಾದ ಕೆಲಸ ಚೀಟಿ ಬರೆದು ಮುಂದಕ್ಕೆ ಕಳಿಸುವುದು ಮಾತ್ರ. ಸಿಸೇರಿಯನ್ ಮಾಡಬಲ್ಲ ಪ್ರಸೂತಿ ತಜ್ಞರಿದ್ದೂ ಅರಿವಳಿಕೆ ಕೊಡುವವರಿಲ್ಲದಿದ್ದರೆ ಆ ತಾಲ್ಲೂಕಿನ ಗರ್ಭಿಣಿಗೆ ಇಬ್ಬರೂ ಇಲ್ಲದಂತೆಯೇ. ಹುದ್ದೆಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುವ ಸರ್ಕಾರಿ ಪಟ್ಟಿಯಲ್ಲಿ ಈ ಕೊರತೆ ಪೂರ್ತಿಯಾಗಿ ಕಾಣುವುದಿಲ್ಲ.

ಬಿಲ್ಲಿನಲ್ಲಿ ಇಲ್ಲದ ಖರ್ಚು

ದೇಶದಲ್ಲಿ ಆರೋಗ್ಯಕ್ಕಾಗಿ ಆಗುವ ಒಟ್ಟು ವೆಚ್ಚದಲ್ಲಿ ಜನರು ಜೇಬಿನಿಂದ ನೇರವಾಗಿ ಕೊಡುವ ಪಾಲು 2013–14ರಲ್ಲಿ ಶೇ 64.2 ಇತ್ತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021–22ರ ಹೊತ್ತಿಗೆ ಅದು ಶೇ 39.4ಕ್ಕೆ ಇಳಿದಿದೆ. ಇಳಿಕೆ ಸ್ವಾಗತಾರ್ಹ. ಆದರೂ ಪ್ರತಿ 100 ರೂಪಾಯಿಯಲ್ಲಿ 39 ರೂಪಾಯಿಯನ್ನು ಕಾಯಿಲೆಯವರೇ, ಕಾಯಿಲೆ ಬಿದ್ದ ಹೊತ್ತಿನಲ್ಲೇ ಹೊಂದಿಸಬೇಕು ಎಂಬುದು ಸಣ್ಣ ಮಾತಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ, ಹೆರಿಗೆ ಬಿಟ್ಟು, ಒಮ್ಮೆ ಆಸ್ಪತ್ರೆಗೆ ದಾಖಲಾದರೆ ಆಗುವ ಸರಾಸರಿ ವೈದ್ಯಕೀಯ ವೆಚ್ಚ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿ ಆಸ್ಪತ್ರೆಯಲ್ಲಿ 31,845 ರೂಪಾಯಿ. ಸರ್ಕಾರಿ ಆಸ್ಪತ್ರೆ ಗಟ್ಟಿಯಾಗಿದ್ದರೆ ಬಡವರಿಗೆ ಎಷ್ಟು ಉಳಿತಾಯ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಇದು ವೈದ್ಯಕೀಯ ವೆಚ್ಚದ ಮಾತಾಯಿತು. ಬಿಲ್ಲಿನಲ್ಲಿ ಬಾರದ ಖರ್ಚಿನದು ಬೇರೆಯೇ ಲೆಕ್ಕ. ದಿನಕ್ಕೆ ತಲಾ 400 ರೂಪಾಯಿ ದುಡಿಯುವ ಗಂಡ–ಹೆಂಡತಿಯ ಮನೆ ಎಂದಿಟ್ಟುಕೊಳ್ಳಿ. ಗಂಡನಿಗೆ ಗಂಟಲಿನ ಕ್ಯಾನ್ಸರ್. ಚಿಕಿತ್ಸೆ ಸರ್ಕಾರಿ ಯೋಜನೆಯಲ್ಲಿ ಪೂರ್ತಿ ಉಚಿತ. ಆದರೆ ವಿಕಿರಣ ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. 15 ದಿನ ಇಬ್ಬರೂ ಊರು ಬಿಟ್ಟರೆ ಕೂಲಿಯೇ 12 ಸಾವಿರ ರೂಪಾಯಿ ಖೋತಾ. ಅದರ ಮೇಲೆ ಬಸ್ ಚಾರ್ಜು, ಎರಡು ಹೊತ್ತಿನ ಊಟ, ಧರ್ಮಶಾಲೆಯಲ್ಲಿ ಜಾಗ ಸಿಗದಿದ್ದರೆ ಕೋಣೆ ಬಾಡಿಗೆ, ‘ಹೊರಗಡೆ ಮಾಡಿಸಿಕೊಂಡು ಬನ್ನಿ’ ಎಂದು ಬರೆದುಕೊಡುವ ಸ್ಕ್ಯಾನು. ಊರಲ್ಲಿ ಬಿಟ್ಟುಬಂದ ಮಕ್ಕಳು ಅಜ್ಜಿಯ ಪಾಲು, ಆಡು ಕೋಳಿ ಸಂತೆಯ ಪಾಲು. ಸ್ವಸಹಾಯ ಸಂಘದ ಕಂತು ಮಾತ್ರ ಯಾರಿಗೂ ಕಾಯುವುದಿಲ್ಲ.

ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್, ಜಯದೇವದಂಥ ದೊಡ್ಡ ಆಸ್ಪತ್ರೆಗಳ ಆಸುಪಾಸಿನಲ್ಲಿ ಬೆಳಿಗ್ಗೆ ಹೊತ್ತು ನಡೆದುಹೋದವರಿಗೆ ಈ ಬದುಕು ಕಣ್ಣಿಗೆ ಬೀಳುತ್ತದೆ. ಕಂಬಳಿ, ಫ್ಲಾಸ್ಕು, ಬಟ್ಟೆಯ ಗಂಟು. ಎಕ್ಸ್‌ರೇ, ಸ್ಕ್ಯಾನಿಂಗ್, ಹತ್ತಾರು ಚೀಟಿಗಳನ್ನು ಮಳೆ ತಾಗದಂತೆ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡಿರುತ್ತಾರೆ. ಯಾವ ಚೀಟಿ ಯಾವ ಕಿಟಕಿಗೆ ಎಂದು ಓದಲು ಬಾರದವರು ಸಮವಸ್ತ್ರ ತೊಟ್ಟ ಯಾರನ್ನು ಕಂಡರೂ ‘ಸಾರ್’ ಎಂದು ಚೀಲ ಚಾಚುತ್ತಾರೆ. ಅರ್ಧಕ್ಕೇ ಚಿಕಿತ್ಸೆ ಬಿಟ್ಟು ಊರಿಗೆ ಮರಳುವವರನ್ನು ‘ತಿಳಿವಳಿಕೆಯಿಲ್ಲದವರು’ ಎಂದು ಬೈಯುವ ಮುನ್ನ ಅವರ ಮನೆಯ ಲೆಕ್ಕವನ್ನು ಒಮ್ಮೆ ಕೇಳಬೇಕು. ಅವರಿಗೆ ತಿಳಿವಳಿಕೆ ಚೆನ್ನಾಗಿಯೇ ಇರುತ್ತದೆ. ಒಬ್ಬರ ಜೀವ ಉಳಿಸಲು ಹೋಗಿ ಇಡೀ ಮನೆ ಬೀದಿಗೆ ಬರಬಾರದೆಂಬ ಕಠೋರ ಲೆಕ್ಕ ಅದು.

ಹತ್ತಿ ಬಿಡಿಸುವ ಹಂಗಾಮು, ಬಿಪಿ ಗುಳಗಿ

ಕಲ್ಯಾಣ ಕರ್ನಾಟಕದ ಯಾವುದೇ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ದಿನ ಕುಳಿತರೆ ಇಂಥ ಮಾತುಕತೆ ಕಿವಿಗೆ ಬೀಳುತ್ತದೆ:

‘ಯವ್ವಾ, ಬಿಪಿ ಗುಳಗಿ ಬಿಟ್ಟೀಯೇನು? ಇಷ್ಟ್ಯಾಕ ಏರೇದ?’

‘ಹತ್ತಿ ಬಿಡಸೋ ಹಂಗಾಮ ಅದರೀ ಡಾಕ್ಟರ್ ಸಾಹೇಬ್ರ. ದವಾಖಾನಿಗಿ ಬಂದ್ರ ಒಂದಿನದ ಕೂಲಿ ಹೋಗ್ತದ. ತಲಿ ತಿರಗಿದ್ ದಿನ ಒಂದ ನುಂಗತೀನ್ರೀ.’

ರಕ್ತದೊತ್ತಡದ ಮಾತ್ರೆ ದುಬಾರಿಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೆ ಒಮ್ಮೆಗೆ ಹದಿನೈದು ದಿನಕ್ಕಾಗುವಷ್ಟೇ ಕೊಟ್ಟರೆ ಆಕೆ ತಿಂಗಳಿಗೆ ಎರಡು ಸಲ ಬರಬೇಕು, ಎರಡು ದಿನದ ಕೂಲಿ ಬಿಡಬೇಕು. ಉಚಿತ ಮಾತ್ರೆಗೆ ಆಕೆ ತೆರುವ ಬೆಲೆ ಅದು. ಆಕೆ ಮಾತ್ರೆ ಬಿಡುತ್ತಾಳೆ. ಕೆಲ ವರ್ಷಗಳ ಬಳಿಕ ಲಕ್ವ ಹೊಡೆದಾಗ, ಮೂತ್ರಪಿಂಡ ಸೋತಾಗ ಅದೇ ಸರ್ಕಾರ ಆಕೆಗಾಗಿ ಲಕ್ಷಾಂತರ ರೂಪಾಯಿ ಖರ್ಚು ಮಾಡಲು ಸಿದ್ಧವಿರುತ್ತದೆ. ಆಗ ದುಡ್ಡು ಹೋಗುತ್ತದೆ, ಹೋದ ಆರೋಗ್ಯ ಮರಳುವುದಿಲ್ಲ.

ನಮ್ಮ ವಿಮಾ ಮಾದರಿಯ ಯೋಜನೆಗಳ ದೊಡ್ಡ ಕೊರತೆ ಇಲ್ಲಿದೆ. ಅವು ಆಸ್ಪತ್ರೆಗೆ ದಾಖಲಾದವರ ಖರ್ಚು ಕೊಡುತ್ತವೆ. ದಾಖಲಾಗುವ ಸ್ಥಿತಿಯೇ ಬಾರದಂತೆ ತಡೆಯುವ ಹೊರರೋಗಿ ಚಿಕಿತ್ಸೆ, ತಿಂಗಳು ತಿಂಗಳು ಬೇಕಾಗುವ ಮಾತ್ರೆ, ರಕ್ತ ಪರೀಕ್ಷೆಗಳು ಅವುಗಳ ವ್ಯಾಪ್ತಿಯ ಹೊರಗೆ. ಮನೆಮಂದಿಯ ಜೇಬು ಸೋರುವುದೂ ಹೆಚ್ಚಾಗಿ ಈ ಮಾತ್ರೆ ಔಷಧಿಗಳಿಂದಲೇ. ಈ ಅಂತರ ತುಂಬುವ ಪ್ರಯತ್ನಗಳು ಶುರುವಾಗಿವೆ. 2022ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ ಉದ್ಘಾಟನೆಯಾದ ‘ನಮ್ಮ ಕ್ಲಿನಿಕ್’ಗಳು ನಗರದ ಬಡಾವಣೆಗಳಿಗೆ ವೈದ್ಯರನ್ನು ತಂದವು. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆ ಮನೆಬಾಗಿಲಲ್ಲೇ ಬಿಪಿ, ಶುಗರ್ ತಪಾಸಣೆ ಮಾಡಿ ಔಷಧಿ ಕೊಡುವ ಉದ್ದೇಶದ್ದು. ದಿಕ್ಕು ಸರಿಯಾಗಿದೆ. ಆದರೆ ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಸಂಜೆ ನಾಲ್ಕೂವರೆಗೆ ಮುಚ್ಚುವ ಕ್ಲಿನಿಕ್ಕಿಗೆ ಗಾರೆ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಮನೆಗೆಲಸದವರು ಹೋಗುವುದಾದರೂ ಯಾವಾಗ? ಕ್ಲಿನಿಕ್ಕಿನ ಬಾಗಿಲು ದುಡಿಯುವವರ ಬಿಡುವಿನ ವೇಳೆಗೆ ತೆರೆದಿರಬೇಕು.

ಮನೆಬಾಗಿಲಿನ ಈ ಕೆಲಸವೆಲ್ಲ ನಿಂತಿರುವುದು ಆಶಾ ಕಾರ್ಯಕರ್ತೆಯರ ಹೆಗಲ ಮೇಲೆ. ಗರ್ಭಿಣಿಯ ತಾಯಿ ಕಾರ್ಡಿನಿಂದ ಹಿಡಿದು ಕ್ಷಯರೋಗಿಯ ಮಾತ್ರೆಯವರೆಗೆ ಅವರಿಗೆ ತಿಳಿಯದ ಮನೆಯಿಲ್ಲ. ಇಷ್ಟಾದರೂ ಅವರನ್ನು ನೌಕರರೆಂದು ಸರ್ಕಾರ ಒಪ್ಪಿಲ್ಲ, ಕೊಡುವುದು ಪ್ರೋತ್ಸಾಹಧನ. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆಯಲೂ ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲಿರುಳು ಧರಣಿ ಕೂರಬೇಕಾಯಿತು. ಬಡವರಿಗೆ ಆರೋಗ್ಯ ತಲುಪಿಸುವ ಹೆಣ್ಣುಮಕ್ಕಳನ್ನೇ ಬಡತನದಲ್ಲಿಟ್ಟು ನಡೆಸುವ ವ್ಯವಸ್ಥೆಯನ್ನು ನ್ಯಾಯದ ವ್ಯವಸ್ಥೆ ಎನ್ನಲಾಗದು.

ಕಾರ್ಡಿನ ಆಚೆ ಈಚೆ

2018ರ ಮಾರ್ಚ್‌ನಲ್ಲಿ ಶುರುವಾದ ‘ಆರೋಗ್ಯ ಕರ್ನಾಟಕ’ ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ ಸರ್ಕಾರ ಕೊಡುತ್ತದೆ. ಹೀಗಾಗಿ ಪಡಿತರ ಚೀಟಿಯ ಬಣ್ಣವೇ ಚಿಕಿತ್ಸೆಯ ಭವಿಷ್ಯವನ್ನು ನಿರ್ಧರಿಸುತ್ತದೆ. ರೇಖೆಯಿಂದ ಒಂದು ಮೆಟ್ಟಿಲು ಮೇಲಿರುವ ಸಣ್ಣ ಅಂಗಡಿಯವರು, ಆಟೊ ಚಾಲಕರು, ಖಾಸಗಿ ಶಾಲೆಯ ಶಿಕ್ಷಕಿಯರು ಒಂದೇ ಒಂದು ದೊಡ್ಡ ಕಾಯಿಲೆಗೆ ರೇಖೆಯ ಕೆಳಗೆ ಜಾರುತ್ತಾರೆ. ಆಗ ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕಿ ಕಾಯುವಷ್ಟು ವ್ಯವಧಾನ ಕಾಯಿಲೆಗೆ ಇರುವುದಿಲ್ಲ.

ಯೋಜನೆಯಡಿ ಗುರುತಿಸಿದ 1,650 ಚಿಕಿತ್ಸೆಗಳಲ್ಲಿ 171 ತುರ್ತು ಚಿಕಿತ್ಸೆಗಳಿಗೆ ನೇರವಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಉಳಿದ ದೊಡ್ಡ ಚಿಕಿತ್ಸೆಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಸೌಲಭ್ಯವಿಲ್ಲವೆಂದು ರೆಫರಲ್ ಪತ್ರ ಪಡೆಯಬೇಕು. ಸರ್ಕಾರಿ ಆಸ್ಪತ್ರೆಗಳು ಬಲಗೊಳ್ಳಲೆಂದು, ದುರುಪಯೋಗ ತಡೆಯಲೆಂದು ಮಾಡಿದ ನಿಯಮ ಇದು. ಉದ್ದೇಶ ಒಪ್ಪತಕ್ಕದ್ದೇ. ಆದರೆ ಜಿಲ್ಲಾಸ್ಪತ್ರೆಯಲ್ಲಿ ಆ ವಿಭಾಗದ ತಜ್ಞರು ರಜೆಯಲ್ಲಿದ್ದರೆ, ಕಂಪ್ಯೂಟರ್ ಕೈಕೊಟ್ಟರೆ, ಆಧಾರ್‌ನಲ್ಲೂ ಪಡಿತರ ಚೀಟಿಯಲ್ಲೂ ಹೆಸರು ಒಂದೇ ರೀತಿ ಇಲ್ಲದಿದ್ದರೆ ಆ ಒಂದು ಪತ್ರಕ್ಕಾಗಿ ನಾಲ್ಕು ಸಲ ಅಲೆದಾಟ. ಪರಿಚಯದ ಪುಢಾರಿ ಇದ್ದವರಿಗೆ ಫೋನಿನಲ್ಲೇ ಆಗುವ ಕೆಲಸ ಇದು. ಯಾರೂ ಇಲ್ಲದವರಿಗೆ ಬಾಗಿಲು ಕಾಯುವ ಕೆಲಸ.

ಇನ್ನು ಗುಳೆ ಹೋಗುವವರ ಪಾಡು. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಬಸುರಿಯ ತಾಯಿ ಕಾರ್ಡು ಊರಿನ ಉಪಕೇಂದ್ರದ್ದು, ಆಕೆ ಮಲಗುವುದು ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ತಗಡಿನ ಶೆಡ್ಡಿನಲ್ಲಿ. ಊರಿನ ಆಶಾ ಕಾರ್ಯಕರ್ತೆಗೆ ಆಕೆ ಎಲ್ಲಿದ್ದಾಳೆಂದು ತಿಳಿಯದು, ಇಲ್ಲಿಯ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಆಕೆಯ ಹೆಸರೇ ಇಲ್ಲ. ಕಬ್ಬಿಣಾಂಶದ ಮಾತ್ರೆ, ಧನುರ್ವಾಯು ಚುಚ್ಚುಮದ್ದು, ಸ್ಕ್ಯಾನಿಂಗ್ ಎಲ್ಲವೂ ಎರಡೂರುಗಳ ನಡುವೆ ತಪ್ಪಿಹೋಗುತ್ತವೆ. ದಾಖಲೆಯಲ್ಲಿ ನೆಲೆ ಇಲ್ಲದವರಿಗೆ ಹಕ್ಕೂ ಇಲ್ಲವೆಂಬಂತೆ ನಡೆದುಕೊಳ್ಳುವುದೇ ಅನ್ಯಾಯದ ಒಂದು ಮುಖ.

ಬೇಕಾದದ್ದು ಸಿಗದು, ಬೇಡದ್ದು ತಪ್ಪದು

ಅನ್ಯಾಯವೆಂದರೆ ಚಿಕಿತ್ಸೆ ಸಿಗದಿರುವುದು ಮಾತ್ರ ಎಂದುಕೊಂಡರೆ ಅರ್ಧ ಸತ್ಯ ಕೈಬಿಟ್ಟಂತೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಮತ್ತು ದಲಿತ ಮಹಿಳೆಯರು ಹೊಟ್ಟೆನೋವು, ಬಿಳಿಸೆರಗು, ಸೊಂಟನೋವು ಎಂದು ಖಾಸಗಿ ಆಸ್ಪತ್ರೆಗೆ ಹೋದಾಗ ‘ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಗರ್ಭಕೋಶವನ್ನೇ ತೆಗೆದ ಪ್ರಕರಣಗಳು 2015ರಲ್ಲಿ ರಾಜ್ಯದ ಗಮನಕ್ಕೆ ಬಂದವು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ತಾಂಡಾ ತಾಂಡಾ ಸುತ್ತಿ ಮಾಹಿತಿ ಕಲೆಹಾಕಿ ಬೀದಿಗಿಳಿದ ಮೇಲೆ ಸರ್ಕಾರ ತನಿಖೆಗೆ ಮುಂದಾಯಿತು. ಬೇರೆ ರಾಜ್ಯಗಳ ಇಂಥದೇ ಪ್ರಕರಣಗಳ ಬಗ್ಗೆ ಡಾ. ನರೇಂದ್ರ ಗುಪ್ತಾ ಸಲ್ಲಿಸಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು.

ಆ ಹೆಣ್ಣುಮಕ್ಕಳು ಊರ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ತ್ರೀರೋಗ ತಪಾಸಣೆಗೆ ಒಬ್ಬ ವೈದ್ಯೆಯನ್ನು ಕಂಡಿದ್ದರೆ, ಎಷ್ಟೋ ಜನರಿಗೆ ಸೋಂಕಿನ ಮಾತ್ರೆಯಲ್ಲೇ ಕೆಲಸ ಮುಗಿಯುತ್ತಿತ್ತು. ಹತ್ತಿರದಲ್ಲಿ ಸರಿಯಾದ ಸೇವೆ ಇಲ್ಲದ ಜಾಗಕ್ಕೆ ದುರಾಸೆಯ ಸೇವೆ ನುಗ್ಗುತ್ತದೆ. ಪ್ರಶ್ನೆ ಕೇಳುವ ಧೈರ್ಯ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಅನುಕೂಲ ಇಲ್ಲದವರೇ ಅದಕ್ಕೆ ಬಲಿ.

ಗುಣಮಟ್ಟದ ಪ್ರಶ್ನೆಯೂ ಇದರೊಂದಿಗೇ ಬರುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟರು. ಅವರಿಗೆ ನೀಡಿದ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗ್ಗೆ ಸರ್ಕಾರವೇ ಶಂಕೆ ವ್ಯಕ್ತಪಡಿಸಿತು. ಹೆರಿಗೆಗೆ ಆಸ್ಪತ್ರೆಗೇ ಬನ್ನಿ ಎಂದು ವರ್ಷಗಟ್ಟಲೆ ಮನವೊಲಿಸಿ ಕರೆತಂದ ಹೆಣ್ಣುಮಕ್ಕಳು ಅವರು. ಬಡವರು ಬರುವ ಆಸ್ಪತ್ರೆಯ ಔಷಧಿ ಉಳ್ಳವರು ಹೋಗುವ ಆಸ್ಪತ್ರೆಯ ಔಷಧಿಯಷ್ಟೇ ಶುದ್ಧವಾಗಿರಬೇಕು. ಇದರಲ್ಲಿ ರಾಜಿಗೆ ಜಾಗವಿಲ್ಲ.

ಆಗುತ್ತದೆ ಎಂದು ತೋರಿಸಿದವರು

‘ನಮ್ಮಂಥ ದೇಶದಲ್ಲಿ ಇದೆಲ್ಲ ಆಗುವ ಮಾತಲ್ಲ’ ಎನ್ನುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. ಡಾ. ಎಚ್. ಸುದರ್ಶನ್ 1980ರ ಆಸುಪಾಸಿನಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ಸೋಲಿಗರ ಹಾಡಿಗಳಿಗೆ ವೈದ್ಯರೆಂಬವರೇ ಅಪರಿಚಿತರು. ಸೋಲಿಗರ ನಂಬಿಕೆ ಗಳಿಸಿ, ಅವರ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ತರಬೇತುಗೊಳಿಸಿ ಕಟ್ಟಿದ ಕೆಲಸಕ್ಕೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು. ಅವರದೇ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರದಿಂದ ವಹಿಸಿಕೊಂಡು, ಹಳ್ಳಿಯ ಆರೋಗ್ಯ ಕೇಂದ್ರವೂ ಹಗಲು ರಾತ್ರಿ ತೆರೆದಿರಬಲ್ಲದು ಎಂದು ತೋರಿಸಿತು. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ 2001ರಲ್ಲಿ ರಾಜ್ಯ ಸರ್ಕಾರಕ್ಕೆ ಕೊಟ್ಟ ವರದಿ ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ ಈ ಮೂರನ್ನೂ ಒಟ್ಟಿಗೆ ಕೇಳಿತ್ತು. ಆರೋಗ್ಯ ಇಲಾಖೆಯ ಭ್ರಷ್ಟಾಚಾರವನ್ನು ಹೆಸರಿಟ್ಟು ಕರೆದಿತ್ತು. ಅದನ್ನು ಈಗ ತೆರೆದು ಓದಿದರೂ ಇಂದಿನ ಮಾತಿನಂತಿದೆ.

ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆಂಬುದಕ್ಕೂ ನಿದರ್ಶನಗಳಿವೆ. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ ಹಠಾತ್ತನೆ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆ ಬಂತು. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ಜಯದೇವದಂಥ ಕೇಂದ್ರದ ತಜ್ಞರು ಕೂತಲ್ಲಿಂದಲೇ ನೋಡುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಔಷಧ ಅದು. ಜಿಲ್ಲಾ ಕೇಂದ್ರಕ್ಕೆ ಸಾಗಿಸುವ ದಾರಿಯಲ್ಲಿ ಕಳೆದುಹೋಗುತ್ತಿದ್ದ ಹೊತ್ತು ಇಲ್ಲಿ ಉಳಿಯುತ್ತದೆ, ಹೃದಯದ ಸ್ನಾಯು ಉಳಿಯುತ್ತದೆ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲೇ ಜಯದೇವದ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾಯಿತು. ಬೀದರ್, ಯಾದಗಿರಿಯವರು ಹೃದಯದ ಕಾಯಿಲೆಗೆ ಬೆಂಗಳೂರಿನ ರೈಲು ಹತ್ತುವ ಅನಿವಾರ್ಯ ಇದರಿಂದ ತಗ್ಗಿತು. ಆರೋಗ್ಯ ಇಲಾಖೆಯದಲ್ಲದ ಯೋಜನೆಯೂ ನೆರವಾಗಬಲ್ಲದು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾದ ಮೇಲೆ, ತಪಾಸಣೆಗೆ ಪಟ್ಟಣಕ್ಕೆ ಹೋಗಲು ಗಂಡನ ಬಳಿ ಬಸ್ ಚಾರ್ಜಿಗೆ ಕೈಯೊಡ್ಡುವ ಅಗತ್ಯ ಅವರಿಗಿಲ್ಲ.

ಈಗ ಆಗಬೇಕಾದದ್ದು

ಹಣೆ ಸುಡುತ್ತಿರುವವರಿಗೂ ಸುಡದವರಿಗೂ ಒಂದೇ ಅಳತೆಯಲ್ಲಿ ಒದ್ದೆಬಟ್ಟೆ ಹಂಚುವುದನ್ನು ಯಾವ ತಾಯಿಯೂ ನ್ಯಾಯವೆನ್ನಳು. ಅನುದಾನ, ವೈದ್ಯರು, ಉಪಕರಣಗಳನ್ನು ಹಂಚುವಾಗ ಜನಸಂಖ್ಯೆಯೊಂದೇ ಅಳತೆಗೋಲಾಗಬಾರದು. ಕಾಯಿಲೆಯ ಹೊರೆ, ಬಡತನ, ದೂರ ಇವೂ ಲೆಕ್ಕಕ್ಕೆ ಬರಬೇಕು. ಹಿಂದುಳಿದ ತಾಲ್ಲೂಕಿಗೆ ಒಬ್ಬ ತಜ್ಞರನ್ನು ಒಂಟಿಯಾಗಿ ಕಳಿಸುವ ಬದಲು ಪ್ರಸೂತಿ, ಅರಿವಳಿಕೆ, ಮಕ್ಕಳ ವೈದ್ಯರನ್ನು ತಂಡವಾಗಿ, ವಸತಿ ಮತ್ತು ಹೆಚ್ಚಿನ ಭತ್ಯೆಯೊಂದಿಗೆ ಕಳಿಸಬೇಕು. ಬಿಪಿ, ಶುಗರ್ ಮಾತ್ರೆಯನ್ನು ಸ್ಥಿರವಾಗಿರುವ ರೋಗಿಗಳಿಗೆ ತಿಂಗಳುಗಟ್ಟಲೆ ಒಮ್ಮೆಲೇ ಕೊಡಬೇಕು. ದೂರದ ಚಿಕಿತ್ಸೆಗೆ ಹೋಗುವ ಬಡ ರೋಗಿಗೂ ಜೊತೆಗಾರರಿಗೂ ಪ್ರಯಾಣ, ವಸತಿ, ಕೂಲಿ ನಷ್ಟದ ಭತ್ಯೆಯನ್ನು ಯೋಜನೆಯ ಪ್ಯಾಕೇಜಿನೊಳಗೇ ಸೇರಿಸಬೇಕು. ಗುಳೆ ಹೋದವರ ತಾಯಿ ಕಾರ್ಡು ಯಾವ ಊರಿನಲ್ಲೂ ನಡೆಯಬೇಕು.

ಇದಕ್ಕೆಲ್ಲ ಹಣ ಬೇಕು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಸರ್ಕಾರಿ ಆರೋಗ್ಯ ವೆಚ್ಚವನ್ನು 2025ರ ಹೊತ್ತಿಗೆ ಜಿಡಿಪಿಯ ಶೇ 2.5ಕ್ಕೆ ಏರಿಸುವ ಮಾತು ಕೊಟ್ಟಿತ್ತು. 2021–22ರಲ್ಲಿ, ಕೋವಿಡ್ ಕಾಲದ ಖರ್ಚೂ ಸೇರಿ, ಅದು ಶೇ 1.84 ಮಾತ್ರ. ಹಣ ಕೊಡಲಾರದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು ಆರೋಗ್ಯ ಸೇವೆ ಕುರಿತ ಭೋರ್ ಸಮಿತಿ ಹೇಳಿದ್ದು 1946ರಲ್ಲಿ, ಸ್ವಾತಂತ್ರ್ಯಕ್ಕೂ ಮುನ್ನ. ತುರ್ತು ಚಿಕಿತ್ಸೆ ನಿರಾಕರಿಸುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1996ರಲ್ಲಿ. ತತ್ವ ತಿಳಿಯದೆ ನಾವು ಹಿಂದುಳಿದಿಲ್ಲ. ತಿಳಿದದ್ದನ್ನು ಬಜೆಟ್ಟಿನಲ್ಲಿ ಬರೆಯದೆ ಹಿಂದುಳಿದಿದ್ದೇವೆ.

ಓದುಗರಲ್ಲಿ ಒಂದು ವಿನಂತಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ನಡೆಯಿತು, ಯಾವ ಔಷಧಿ ದಾಸ್ತಾನಿಲ್ಲ, ಯಾವ ಹುದ್ದೆ ಎಷ್ಟು ಕಾಲದಿಂದ ಖಾಲಿ ಇದೆ ಎಂದು ಹೋಗಿ ಕೇಳಿ. ನೀವು ಸ್ವತಃ ಖಾಸಗಿ ಆಸ್ಪತ್ರೆಗೆ ಹೋಗುವವರಾದರೂ ಕೇಳಿ. ಓದು ಬಲ್ಲವರು, ದನಿ ಇರುವವರು ಸರ್ಕಾರಿ ಆಸ್ಪತ್ರೆಯನ್ನು ತೊರೆದ ದಿನದಿಂದಲೇ ಅಲ್ಲಿ ಪ್ರಶ್ನೆ ಕೇಳುವವರು ಕಡಿಮೆಯಾದರು. ಮತ ಕೇಳಲು ಬಂದವರಿಗೂ ಇದೇ ಪ್ರಶ್ನೆ ಹಾಕಿ. ನಮ್ಮ ತಾಲ್ಲೂಕಿನ ಬಸುರಿಗೆ ನಡುರಾತ್ರಿ ಹೆರಿಗೆನೋವು ಬಂದರೆ ಶಸ್ತ್ರಚಿಕಿತ್ಸೆ ನಮ್ಮ ತಾಲ್ಲೂಕಿನಲ್ಲೇ ಆಗುತ್ತದೆಯೇ? ‘ಹೌದು’ ಎನ್ನುವ ಉತ್ತರ ಸಿಗುವವರೆಗೂ ಕೇಳುವುದನ್ನು ನಿಲ್ಲಿಸಬೇಡಿ.